ಹದಿನಾಲ್ಕು ಮಕ್ಕಳ ನಲವತ್ತೆಂಟು ದಿನ

ಏಪ್ರಿಲ್ 10ಕ್ಕೆ ಶಾಲೆಯಲ್ಲಿ ಪಾಸು-ಫೇಲು ಹೇಳುತ್ತಾರೆ. ಮರುದಿನ ಬೆಳಗ್ಗೆ ಬೆಂಗಳೂರಿನ ರಾತ್ರಿ ಬಸ್ಸು ಪುತ್ತೂರಿಗೆ ಬಂದು ನಿಂತಾಗ ಇಳಿಯುವವರಲ್ಲಿ ಅರ್ಧಕ್ಕರ್ಧ ಮಕ್ಕಳೇ. ಶಿರಾಡಿ ಘಾಟಿಯ ತಿರುವುಗಳಲ್ಲಿ ನಿದ್ದೆ ಕೆಟ್ಟ ಮುಖ, ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ತಮ್ಮನ ಅಂಗಿಯ ತುದಿ. ಪೇಟೆಯಿಂದ ಹತ್ತು ಕಿಲೋಮೀಟರ್ ಒಳಗೆ, ಅಡಿಕೆ ತೋಟದ ನಡುವಿನ ಒಂದು ಮನೆಗೆ ಹೀಗೆ ಬಂದು ಸೇರುವವರು ಬೆಂಗಳೂರಿನಿಂದ ಐವರು, ಮೈಸೂರಿನಿಂದ ಇಬ್ಬರು, ಮಂಗಳೂರಿನಿಂದ ಇಬ್ಬರು, ಮುಂಬಯಿಯಿಂದ ಒಬ್ಬಳು. ಮನೆಯಲ್ಲೇ ಇರುವವರು ನಾಲ್ವರು. ಒಟ್ಟು 14. ಎಲ್ಲರಿಗಿಂತ ದೊಡ್ಡವಳಿಗೆ 15 ವರ್ಷ, ಎಲ್ಲರಿಗಿಂತ ಸಣ್ಣವನಿಗೆ 3.

ರಾಜ್ಯದ ಶಾಲೆಗಳ ಬೇಸಿಗೆ ರಜೆ ಏಪ್ರಿಲ್ 11ರಿಂದ ಮೇ 28ರವರೆಗೆ, ಅಂದರೆ 48 ದಿನ. ಬೆಳಗ್ಗೆ ತಿಂಡಿ, ಮಧ್ಯಾಹ್ನ ಊಟ, ಸಂಜೆಗೆ ಏನಾದರೊಂದು, ರಾತ್ರಿ ಊಟ ಎಂದು ದಿನಕ್ಕೆ ನಾಲ್ಕು ಸಲ ಹಿಡಿದರೂ 14 ಮಕ್ಕಳಿಗೆ 2,688 ಸಲ ತಟ್ಟೆ ಇಡಬೇಕು. ಲೆಕ್ಕ ಹಾಕಿ ತೋರಿಸಿದವಳು ಏಳನೇ ತರಗತಿಯ ಮೊಮ್ಮಗಳು. ಕೇಳಿ ಸೊಸೆಯಂದಿರು ಮುಖ ಮುಖ ನೋಡಿಕೊಂಡರು. ಅಜ್ಜಿ ಮಾತ್ರ ಬೇರೆ ಲೆಕ್ಕದಲ್ಲಿದ್ದರು. ಅಟ್ಟದಲ್ಲಿ ಎಷ್ಟು ಓಲೆ ಚಾಪೆ ಸರಿಯಾಗಿವೆ, ಎಷ್ಟು ಇಲಿ ಕಡಿದಿವೆ ಎಂದು ನೋಡಿ ಬರಲು ಇಬ್ಬರು ಹುಡುಗರನ್ನು ಏಣಿ ಹತ್ತಿಸಿದ್ದರು. ಮಕ್ಕಳು ಬಂದರೆಂದರೆ ಹಪ್ಪಳದ ಕಾಲ ಬಂತು, ಹಪ್ಪಳದ ಕಾಲ ಬಂತೆಂದರೆ ಮಕ್ಕಳು ಬರಲೇಬೇಕು ಎಂಬುದು ಅವರ ಪಂಚಾಂಗ.

ಇಷ್ಟು ಮಕ್ಕಳನ್ನು ಒಂದೂವರೆ ತಿಂಗಳು ಸುಮ್ಮನಿರಿಸುವುದು ಹೇಗೆ ಎಂದು ಪೇಟೆಯಲ್ಲಿ ಕೇಳುವವರು ಬಹಳ. ಆ ಮನೆಯಲ್ಲಿ ಯಾರೂ ಅವರನ್ನು ಸುಮ್ಮನಿರಿಸಲು ಹೋಗುವುದಿಲ್ಲ. ಅಲ್ಲಿನ ಗುಟ್ಟು ಇರುವುದೇ ಅದರಲ್ಲಿ. ಮಕ್ಕಳ ಹೊತ್ತು ಕಳೆಯುವಂತೆ ಮಾಡುವುದು ಬೇರೆ, ಮಕ್ಕಳನ್ನು ಮನೆಗೆ ಬೇಕಾದವರನ್ನಾಗಿ ಮಾಡುವುದು ಬೇರೆ. ಮೊದಲನೆಯದಕ್ಕೆ ದಿನಾ ಹೊಸದೊಂದು ಹುಡುಕಬೇಕು, ದುಡ್ಡೂ ಬೇಕು. ಎರಡನೆಯದಕ್ಕೆ ನಂಬಿಕೆ ಸಾಕು.

ಬಂದ ದಿನವೇ ಎರಡು ಕೆಲಸ ಆಗಬೇಕು. ಮೊದಲನೆಯದು ಲೋಟದ್ದು. ಪ್ರತಿ ಮಗುವಿಗೂ ಒಂದೊಂದು ಸ್ಟೀಲ್ ಲೋಟ, ಅದರ ಕಂಠಕ್ಕೆ ಒಂದೊಂದು ಬಣ್ಣದ ನೂಲು. ರಜೆ ಮುಗಿಯುವ ತನಕ ಅದೇ ಲೋಟ, ತೊಳೆಯುವುದು ಅವರವರೇ. 14 ಬಣ್ಣದ ನೂಲು ಮನೆಯಲ್ಲಿರುವುದಿಲ್ಲವಾದ್ದರಿಂದ ಕೆಲವರಿಗೆ ಎರಡು ಬಣ್ಣ ಹೊಸೆದ ನೂಲು. ಎಲ್ಲರಿಗೂ ಆ ಎರಡು ಬಣ್ಣದ್ದೇ ಬೇಕು. ಎರಡನೆಯದು ಜೋಡಿಯದ್ದು. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಏಳು ಜೋಡಿ ಹೆಸರು ಬರೆದು ಚಾವಡಿಯ ಗೋಡೆಗೆ ಅಂಟಿಸುತ್ತಾರೆ. ದೊಡ್ಡವರಲ್ಲಿ ದೊಡ್ಡವಳಿಗೆ ಸಣ್ಣವರಲ್ಲಿ ಸಣ್ಣವನು, ಎರಡನೆಯವನಿಗೆ ಕೊನೆಯಿಂದ ಎರಡನೆಯವಳು, ಹೀಗೆ. ಸಣ್ಣವರ ಸ್ನಾನ, ಊಟ, ಕಾಲಿಗೆ ಮುಳ್ಳು ಚುಚ್ಚಿದರೆ ಪಿನ್ನು ತರುವುದು, ರಾತ್ರಿ ಬಚ್ಚಲಿಗೆ ಕರೆದುಕೊಂಡು ಹೋಗುವುದು ಎಲ್ಲ ಜೋಡಿಯ ದೊಡ್ಡವರದ್ದು. ಬೆಂಗಳೂರಿನಲ್ಲಿ ತನ್ನ ಬೂಟಿನ ಲೇಸನ್ನೇ ಅಮ್ಮನ ಕೈಯಲ್ಲಿ ಕಟ್ಟಿಸಿಕೊಳ್ಳುತ್ತಿದ್ದ ಹತ್ತು ವರ್ಷದವನು ಇಲ್ಲಿ ಆರು ವರ್ಷದವಳ ಜಡೆ ಬಿಚ್ಚಿ ಸಿಕ್ಕು ಬಿಡಿಸುತ್ತಾನೆ. ನೋವಾಗದಂತೆ ತುದಿಯಿಂದ ಶುರು ಮಾಡಬೇಕು ಎಂದು ಅವನಿಗೆ ಹೇಳಿಕೊಟ್ಟದ್ದೂ ಆ ಆರು ವರ್ಷದವಳೇ.

ಹಪ್ಪಳದ ದಿನ ಮಾತ್ರ ಜೋಡಿಗಳೆಲ್ಲ ಒಡೆದು ಒಂದೇ ಸಾಲಾಗುತ್ತವೆ. ಹದವಾಗಿ ಬೆಳೆದ, ಇನ್ನೂ ಹಣ್ಣಾಗದ ಮೂರು ಹಲಸಿನಕಾಯಿ ಬೆಳಗ್ಗೆ ಏಳಕ್ಕೇ ಜಗಲಿಗೆ ಬರುತ್ತವೆ. ಕತ್ತಿ ದೊಡ್ಡವರ ಕೈಯಲ್ಲಿ. ಕಡಿದ ಕೂಡಲೇ ಉಕ್ಕುವ ಮೇಣವನ್ನು ಕೋಲಿಗೆ ಸುತ್ತಿ ತೆಗೆಯುವ ಕೆಲಸಕ್ಕೆ ಇಬ್ಬರು ಹುಡುಗರು, ಅಂಗೈಗೆ ತೆಂಗಿನೆಣ್ಣೆ ಸವರಿಕೊಂಡು ತಯಾರು. ಸೊಳೆ ಬಿಡಿಸುವವರು ಐವರು. ಬೇಳೆ ಬೇರೆ, ಸೊಳೆ ಬೇರೆ, ಸಾರೆ ದನಕ್ಕೆ. ಸೊಳೆಯನ್ನು ಹಬೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ನೀರು ಮುಟ್ಟಿಸದೆ ಕಡೆಯುವ ಕಲ್ಲಿಗೆ ಹಾಕಿ, ಉಪ್ಪು, ಮೆಣಸು, ಕೊತ್ತಂಬರಿ ಸೇರಿಸಿ ಗಟ್ಟಿಯಾಗಿ ಕಡೆಯಬೇಕು. ಹಿಟ್ಟು ಕಲ್ಲಿನಿಂದ ಮೇಲೆ ಬಂದ ಗಳಿಗೆಯಲ್ಲಿ ಹದಿನಾಲ್ಕು ಕೈ ಒಟ್ಟಿಗೆ ಚಾಚುತ್ತವೆ. ಬೆಚ್ಚಗಿನ ಹಪ್ಪಳದ ಹಿಟ್ಟಿನ ಮೇಲೆ ನಾಲ್ಕು ಹನಿ ತೆಂಗಿನೆಣ್ಣೆ ಬಿಟ್ಟು ತಿನ್ನುವ ಸುಖ ಗೊತ್ತಿರುವವರಿಗೆ ಬೇರೆ ಹೇಳಬೇಕಾಗಿಲ್ಲ. ತಲಾ ಒಂದು ನಿಂಬೆ ಗಾತ್ರದ ಉಂಡೆ ಎಂಬುದು ಕಾನೂನು. ಎರಡನೆಯದು ಸಿಗುವುದು ಮೂರು ವರ್ಷದವನಿಗೆ ಮಾತ್ರ, ಅದರಲ್ಲಿ ಅರ್ಧ ಅವನ ಜೋಡಿಯ ಬಾಯಿಗೆ.

ಆಮೇಲೆ ಒತ್ತುವ ಕೆಲಸ. ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಉಂಡೆ ಇಟ್ಟು ಮೇಲಿನ ಮಣೆಯನ್ನು ಅದುಮಬೇಕು. ಎಂಟು ವರ್ಷದವರ ಕೈಬಲಕ್ಕೆ ಹಪ್ಪಳ ದಪ್ಪವೇ ಉಳಿಯುತ್ತದೆ. ಅದಕ್ಕೆ ಅವರು ಮಣೆಯ ಮೇಲೆ ಕುಳಿತೇಬಿಡುತ್ತಾರೆ. ಕುಳಿತವರ ತೂಕಕ್ಕೆ ತಕ್ಕ ಅಗಲ. ಯಾರು ಒತ್ತಿದ ಹಪ್ಪಳ ಯಾವುದು ಎಂದು ಒಣಗಿದ ಮೇಲೂ ಮಕ್ಕಳು ಗುರುತು ಹೇಳುತ್ತಾರೆ. ಒತ್ತಿದ್ದನ್ನು ಹಾಳೆಯಿಂದ ಹರಿಯದಂತೆ ಬಿಡಿಸಿ ಅಂಗಳದ ಚಾಪೆಗೆ ಹಾಕುವುದು ಎಲ್ಲಕ್ಕಿಂತ ನಾಜೂಕಿನ ಕೆಲಸ, ಅದು ದೊಡ್ಡ ಹುಡುಗಿಯರದ್ದು. ಸಂಜೆ ಕವುಚಿ ಹಾಕುವಾಗ ಹಪ್ಪಳದ ಹೊಟ್ಟೆಯಲ್ಲಿ ಚಾಪೆಯ ನೇಯ್ಗೆ ಅಚ್ಚೊತ್ತಿರುತ್ತದೆ. ಅಂಗಡಿಯ ಹಪ್ಪಳದಲ್ಲಿ ಅದನ್ನು ಹುಡುಕಿ ಸಿಗದೆ, ಇದು ಹಪ್ಪಳವೇ ಅಲ್ಲ ಎಂದು ಮುಂಬಯಿಯ ಹುಡುಗಿ ತನ್ನ ಅಪ್ಪನಿಗೆ ಹೇಳಿದ್ದಳಂತೆ.

ಬಿಸಿಲಿನಲ್ಲಿ ಮುನ್ನೂರು ಚಿಲ್ಲರೆ ಹಪ್ಪಳ. ಕಾಯಲು ಪಾಳಿ. ಜಗಲಿಯ ನೆರಳಿನಲ್ಲಿ ಉದ್ದದ ಕೋಲು ಹಿಡಿದು ಅರ್ಧ ಗಂಟೆಗೊಂದು ಜೋಡಿ ಕುಳಿತಿರಬೇಕು. ಕಾಗೆ, ಕೋಳಿ, ಅಳಿಲು, ಮತ್ತು ಪಾಳಿಯಲ್ಲಿಲ್ಲದ ಅಣ್ಣಂದಿರು ಎಲ್ಲರಿಂದಲೂ ಕಾಯಬೇಕು. ಅರೆ ಒಣಗಿದ ಹಪ್ಪಳಕ್ಕೆ ಇರುವ ರುಚಿ ಪೂರ್ತಿ ಒಣಗಿದ್ದಕ್ಕಿಲ್ಲ ಎಂಬುದು ಆ ಮನೆಯಲ್ಲಿ ಮೂರು ತಲೆಮಾರಿನ ಒಮ್ಮತದ ಅಭಿಪ್ರಾಯ. ಎಣಿಸುವಾಗ ಹತ್ತಿಪ್ಪತ್ತು ಕಡಿಮೆ ಬಂದರೆ ಅಜ್ಜಿ ಕೇಳುವುದಿಲ್ಲ.

ಹಲಸಿನ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಬಿಡಿಸಿಟ್ಟ ಬೇಳೆ ಇದೆಯಲ್ಲ, ಅದನ್ನು ಮಳೆಗಾಲಕ್ಕೆ ಕೆಡದಂತೆ ಇಡಲು ಕೆಮ್ಮಣ್ಣು ಬಳಿಯಬೇಕು. ಗುಡ್ಡದ ಕೆಮ್ಮಣ್ಣು ತಂದು, ನೀರು ಹಾಕಿ ಕಲಸಿ, ಬೇಳೆಯನ್ನು ಅದರಲ್ಲಿ ಹೊರಳಿಸಿ ನೆರಳಿನಲ್ಲಿ ಹರಡುವ ಕೆಲಸಕ್ಕೆ ಐದು ವರ್ಷದೊಳಗಿನವರಿಗಿಂತ ಯೋಗ್ಯರು ಸಿಗುವುದಿಲ್ಲ. ಮಣ್ಣಾಟ ಬೇಡ ಎಂದು ವರ್ಷವಿಡೀ ಕೇಳಿದ ಮಕ್ಕಳಿಗೆ ಆ ದಿನ ಮಣ್ಣಿನಲ್ಲಿ ಮುಳುಗುವುದೇ ಮನೆಗೆಲಸ. ಉಪ್ಪು ನೀರಲ್ಲಿ ಬೇಯಿಸಿ ಒಣಗಿಸಿದ ಬೇಳೆ ಸಾಂತಾಣಿಯಾಗುತ್ತದೆ. ಕಾಟುಮಾವಿನ ಹಣ್ಣು ಹಿಂಡಿ ಚಾಪೆಯ ಮೇಲೆ ದಿನಕ್ಕೊಂದು ಪದರ ಸವರಿದರೆ ಮಾಂಬಳ. ಪುನರ್ಪುಳಿಯ ಸಿಪ್ಪೆ ಒಣಗಿಸುವುದು, ಸೊಳೆ ಉಪ್ಪಿನಲ್ಲಿ ಹಾಕುವುದು, ಒಂದರ ಹಿಂದೆ ಒಂದು. ಎಲ್ಲದರಲ್ಲೂ ಸಣ್ಣ ಕೈಗಳಿಗೆ ಒಗ್ಗುವ ಒಂದು ಭಾಗ ಇದ್ದೇ ಇರುತ್ತದೆ. ಅದನ್ನು ಕಂಡು ಹಿಡಿದು ಅವರ ಕೈಗೆ ಕೊಡುವ ಜಾಣ್ಮೆ ಅಜ್ಜಿಯದು. ಇದರಿಂದ ಕೆಲಸ ಬೇಗ ಆಗುತ್ತದೆ ಎಂದೇನಿಲ್ಲ. ಇಬ್ಬರು ಹೆಂಗಸರು ಅರ್ಧ ದಿನದಲ್ಲಿ ಮುಗಿಸುವುದನ್ನು ಹದಿನಾಲ್ಕು ಮಕ್ಕಳು ಸೇರಿ ಒಂದು ದಿನಕ್ಕೆ ಎಳೆಯುತ್ತಾರೆ. ಆ ತಾಳ್ಮೆಗೇ ದೊಡ್ಡ ಬೆಲೆ ಕೊಡಬೇಕು. ನಗರದ ಅಡುಗೆಮನೆಯಲ್ಲಿ ಮಕ್ಕಳಿಗೆ ಕೆಲಸ ಕೊಡದಿರುವುದಕ್ಕೆ ಹೊತ್ತಾಗುತ್ತದೆ ಎಂಬ ಕಾರಣವೇ ಮುಖ್ಯವಾಗಿರುತ್ತದೆ.

ಸಂಬಳದ ಕೆಲಸವೂ ಒಂದಿದೆ. ಮನೆಯ ಹಿಂದಿನ ಗುಡ್ಡದಲ್ಲಿ ಗೇರುಮರಗಳಿವೆ. ಇದು ಗೇರಿನ ಸೀಮೆ. ದೇಶದ ಗೇರು ಸಂಶೋಧನಾ ಕೇಂದ್ರ 1986ರಲ್ಲಿ ಶುರುವಾದದ್ದೂ ಪುತ್ತೂರಿನಲ್ಲೇ. ಬೆಳಗಿನ ತಂಪಿನಲ್ಲಿ ಬಿದ್ದ ಹಣ್ಣು ಹೆಕ್ಕಿ, ಬೀಜ ತಿರುಚಿ ಬೇರೆ ಮಾಡಿ, ಒಣಗಿಸಿ ಇಟ್ಟರೆ ವಾರಕ್ಕೊಮ್ಮೆ ಅಂಗಡಿಗೆ ಹೋಗುತ್ತದೆ. ಹಸಿ ಬೀಜ ಕಚ್ಚಿ ನೋಡಲು ಹೋದ ಮಂಗಳೂರಿನ ಹುಡುಗನ ತುಟಿ ಸುಟ್ಟು ಎರಡು ದಿನ ಊದಿಕೊಂಡಿತ್ತು. ಸಿಪ್ಪೆಯೊಳಗಿನ ಎಣ್ಣೆ ಚರ್ಮವನ್ನು ಸುಡುವಂಥದ್ದು. ಅಂದಿನಿಂದ ಬೀಜ ಸುಡುವ ಹೊತ್ತಿಗೆ ಒಲೆಯ ಸುತ್ತ ಹತ್ತಡಿ ದೂರ ಗೆರೆ ಎಳೆದಿರುತ್ತದೆ. ಬಂದ ಹಣ ಯಾರು ಎಷ್ಟು ಹೆಕ್ಕಿದರು ಎಂದು ನೋಡದೆ ಒಟ್ಟಿಗೆ ಡಬ್ಬಿಗೆ ಬೀಳುತ್ತದೆ. ಏನು ಕೊಳ್ಳಬೇಕೆಂದು ಮಕ್ಕಳೇ ಸಭೆ ಸೇರಿ ತೀರ್ಮಾನಿಸಬೇಕು. ಹೋದ ವರ್ಷ ಆ ಸಭೆ ಮೂರು ದಿನ ನಡೆದು ಒಂದು ಫುಟ್‌ಬಾಲು, ಎರಡು ಶಟಲ್ ಬ್ಯಾಟು, ಉಳಿದದ್ದಕ್ಕೆ ಐಸ್‌ಕ್ಯಾಂಡಿ ಎಂದು ಮುಗಿಯಿತು.

ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಹೊರಗೆ ಹೋಗುವಂತಿಲ್ಲ. ದಿನದ ಕಷ್ಟದ ಹೊತ್ತು ಅದೇ. ಉಂಡ ಹೊಟ್ಟೆ, ಸೆಕೆ, ಹದಿನಾಲ್ಕು ಜನ ಒಂದೇ ಚಾವಡಿಯಲ್ಲಿ. ಚೆನ್ನೆಮಣೆ ತೆಗೆದುಕೊಡಿ ಎಂದು ಕೇಳಿದರೆ ಅಜ್ಜಿ ಒಪ್ಪುವುದಿಲ್ಲ. ತುಳುನಾಡಿನಲ್ಲಿ ಚೆನ್ನೆಮಣೆ ಮಳೆಗಾಲದ ಆಟಿ ತಿಂಗಳ ಆಟ, ಉಳಿದ ದಿನ ಅದನ್ನು ಮೇಲೆತ್ತಿ ಇಡಬೇಕು ಎಂದು ಅವರು ಕೇಳಿಕೊಂಡು ಬಂದವರು. ಅಮೆರಿಕದಲ್ಲಿರುವ ಮಗನ ಮಕ್ಕಳಿಗೆ ರಜೆ ಜೂನಿನಿಂದ ಆಗಸ್ಟಿನವರೆಗೆ. ಅವರು ಬರುವ ವರ್ಷ ಹಲಸು ಮುಗಿದಿರುತ್ತದೆ, ಅಂಗಳದಲ್ಲಿ ಪಾಚಿ ಕಟ್ಟಿರುತ್ತದೆ, ಸೋದರಸಂಬಂಧಿಗಳೆಲ್ಲ ಶಾಲೆಗೆ ಹೋಗಿರುತ್ತಾರೆ. ಅವರಿಗಾಗಿ ಚೆನ್ನೆಮಣೆ ಇದೆ, ಸಾಂತಾಣಿ ಇದೆ. ಬೇಸಿಗೆಯವರಿಗೆ ಬೇರೆ ಆಟ.

ಆ ಬೇರೆ ಆಟವನ್ನು ಮನೆಗೆ ತಂದವರು ಮೈಸೂರು ಕಡೆಯ ದೊಡ್ಡ ಸೊಸೆ, ತವರಿನಿಂದ ಬರುವಾಗ ನಾಲ್ಕು ಕವಡೆ ತಂದಿದ್ದರು. ಚೌಕಾಬಾರ. ಸೀಮೆಸುಣ್ಣದಲ್ಲಿ ಐದಕ್ಕೆ ಐದರಂತೆ 25 ಮನೆ ಬರೆದು, ನಾಲ್ಕು ಬದಿಯ ನಡುವಿನ ಮನೆಗೂ ಮಧ್ಯದ ಮನೆಗೂ ಕತ್ತರಿ ಗುರುತು ಹಾಕಿದರೆ ಹಲಗೆ ತಯಾರು. ನಾಲ್ಕೂ ಕವಡೆ ಬಾಯಿ ಮೇಲಾಗಿ ಬಿದ್ದರೆ ನಾಲ್ಕು, ಅದು ಚೌಕ. ನಾಲ್ಕೂ ಬೋರಲು ಬಿದ್ದರೆ ಎಂಟು, ಅದು ಬಾರ. ಹೊರಗಿನ 16 ಮನೆ ಸುತ್ತಿ, ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿದು, ತಿರುಗು ದಿಕ್ಕಿನಲ್ಲಿ ಒಳಗಿನ 8 ಮನೆ ಸುತ್ತಿ, ನಡುಮನೆಗೆ ಹಣ್ಣಾಗಬೇಕು. ನಾಲ್ವರು ಆಡುವ ಆಟ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಹಾಗಾದರೆ ಉಳಿದ ಹತ್ತು ಮಕ್ಕಳು? ದೊಡ್ಡ ಸೊಸೆ ಕಂಡುಕೊಂಡ ದಾರಿ ಸರಳ. ಒಟ್ಟು 16 ಕಾಯಿ, ಮಗುವಿಗೆ ಒಂದೊಂದು. ಉಳಿದ ಎರಡು ಕಾಯಿ ಅಜ್ಜಿಗೆ. ಹುಣಸೆ ಬೀಜ, ಬಳೆಯ ಚೂರು, ಅಂಗಿಯ ಗುಂಡಿ, ಕಾಫಿ ಬೀಜ ಎಂದು ನಾಲ್ಕು ತಂಡ. ತನ್ನ ಕಾಯಿ ಕಡಿಸಿಕೊಂಡ ಐದು ವರ್ಷದವಳ ಕಣ್ಣು ತುಂಬಿ ಬಂದರೆ ತಂಡದ ಉಳಿದವರು ಸೇರಿ ಮುಂದಿನ ಬಾರದಲ್ಲಿ ಅವಳ ಕಾಯಿಯನ್ನೇ ನಡೆಸುತ್ತಾರೆ. ಎಂಟು ಬಿದ್ದಾಗ ಯಾರ ಕಾಯಿ ಎಷ್ಟು ಹೋದರೆ ಯಾವ ಮನೆಯಲ್ಲಿ ಕೂರುತ್ತದೆ ಎಂದು ನಾಲ್ಕು ವರ್ಷದವನೂ ಬೆರಳು ಮಡಿಸದೆ ಹೇಳುತ್ತಾನೆ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇಂಥ ಆಟಗಳೆಂದರೆ ಪ್ರಾಣ. ಅವರೇ ಎಷ್ಟೋ ಆಟಗಳನ್ನು ರೂಪಿಸಿದರು, ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಆಟದ ಹಲಗೆಗಳನ್ನು ಬರೆದಿರುವುದನ್ನು ಈಗಲೂ ನೋಡಬಹುದು. ಹಂಪಿಗೆ ಹೋದವರು ಕಂಬಗಳನ್ನು ನೋಡಿ ಬರುತ್ತಾರೆ, ಕಾಲಡಿಯ ಚಪ್ಪಡಿಯಲ್ಲಿ ಯಾರೋ ಕೊರೆದ ಹುಲಿ-ಕುರಿ ಆಟದ ಗೆರೆಗಳನ್ನೂ ಮಕ್ಕಳಿಗೆ ತೋರಿಸಬೇಕು. ಆ ಗೆರೆಗಳ ಮುಂದೆ ಮಕ್ಕಳು ಕುಳಿತುಬಿಡುತ್ತಾರೆ, ಮತ್ತೆ ಎಬ್ಬಿಸುವುದೇ ಕಷ್ಟ.

ಚೌಕಾಬಾರ ಸಾಕಾದವರಿಗೆ ಅಟ್ಟದ ಟ್ರಂಕಿದೆ. ಅದರಲ್ಲಿ ಅಪ್ಪಂದಿರ ಕಾಲದ ಚಂದಮಾಮ, ಬಾಲಮಂಗಳ, ಅಮರ ಚಿತ್ರಕಥೆ. ಅಮರ ಚಿತ್ರಕಥೆಯ ಮೊದಲ ಪುಸ್ತಕಗಳು 1965ರಲ್ಲಿ ಕನ್ನಡದಲ್ಲೇ ಬಂದಿದ್ದವು ಎಂದರೆ ಇಂಗ್ಲಿಷ್ ಶಾಲೆಯ ಮಕ್ಕಳು ನಂಬುವುದಿಲ್ಲ. ಕನ್ನಡ ಓದಲು ತಡವರಿಸುವ ಮುಂಬಯಿಯ ಹುಡುಗಿ ಚಿತ್ರ ನೋಡಿ ಕತೆ ಊಹಿಸುತ್ತಾ, ತಪ್ಪಿದಲ್ಲೆಲ್ಲ ತಂಗಿಯಿಂದ ತಿದ್ದಿಸಿಕೊಳ್ಳುತ್ತಾ, ಮೇ ಮಧ್ಯಕ್ಕೆ ಬರುವಾಗ ಒಂದು ಪುಟವನ್ನು ತಾನೇ ಓದಿದಳು. ಯಾರೂ ಪಾಠ ಹೇಳಿರಲಿಲ್ಲ.

ಜಗಳಗಳು ದಿನಕ್ಕೆ ಎಷ್ಟೋ. ತೀರ್ಪು ಒಂದೇ. ಇಬ್ಬರೂ ಎದುರುಬದುರು ಕುಳಿತು ನೂರು ಹಲಸಿನ ಬೇಳೆಯ ಸಿಪ್ಪೆ ತೆಗೆಯಬೇಕು. ಯಾರದು ತಪ್ಪು ಎಂಬ ವಿಚಾರಣೆ ಇಲ್ಲ. ಐವತ್ತರ ಹತ್ತಿರ ಬರುವಾಗ ಒಬ್ಬನ ಉಗುರು ನೋಯಲು ಶುರುವಾಗಿ ಇನ್ನೊಬ್ಬ ಅವನ ಪಾಲಿನ ಬೇಳೆಗೆ ಕೈ ಹಾಕಿರುತ್ತಾನೆ.

ಟಿ.ವಿ., ಮೊಬೈಲ್ ಇಲ್ಲವೆಂದಿಲ್ಲ. ಸಂಜೆ ಏಳರಿಂದ ಎಂಟು ಅಪ್ಪ ಅಮ್ಮಂದಿರಿಗೆ ವಿಡಿಯೋ ಕರೆ, ಆಮೇಲೆ ಐಪಿಎಲ್ ಇದ್ದರೆ ಸ್ವಲ್ಪ ಹೊತ್ತು. ಅದಕ್ಕಿಂತ ಹೆಚ್ಚಿಗೆ ಕೇಳುವ ಆಸೆ ಮೊದಲ ವಾರ ಇರುತ್ತದೆ, ಎರಡನೇ ವಾರಕ್ಕೆ ಕರಗುತ್ತದೆ. ಬೈದು ಬಿಡಿಸಿದ್ದಲ್ಲ ಅದು. ಅಷ್ಟು ಹೊತ್ತಿಗೆ ನಿದ್ದೆ ಬಂದಿರುತ್ತದೆ.

ನಾಲ್ಕು ಗಂಟೆಯಾದರೆ ಬಾಗಿಲು ತೆರೆಯುತ್ತದೆ. ಲಗೋರಿಗೆ ಏಳು ಮುರಕಲ್ಲಿನ ಚೂರು, ಚಿನ್ನಿದಾಂಡಿಗೆ ಕಡಿದಿಟ್ಟ ಕೋಲು. ಬಿದ್ದ ಅಡಿಕೆ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ತುದಿ ಹಿಡಿದು ಇಬ್ಬರು ಎಳೆದರೆ ಅದೇ ಗಾಡಿ. ತೋಟಕ್ಕೆ ಸ್ಪ್ರಿಂಕ್ಲರ್ ಬಿಟ್ಟ ದಿನ ಎಲ್ಲ ಆಟವೂ ಅದರ ಕೆಳಗೇ. ಒಂದು ವಿಷಯದಲ್ಲಿ ಮಾತ್ರ ಮನೆಯವರು ಎಳ್ಳಷ್ಟೂ ಸಡಿಲ ಬಿಡುವುದಿಲ್ಲ. ಕೆರೆ, ಹೊಳೆ, ಮದಕದ ಕಡೆಗೆ ದೊಡ್ಡವರಿಲ್ಲದೆ ಕಾಲಿಡುವಂತಿಲ್ಲ. ಏಪ್ರಿಲ್, ಮೇ ತಿಂಗಳ ಪತ್ರಿಕೆ ತೆರೆದರೆ ರಜೆಗೆ ನೆಂಟರ ಮನೆಗೆ ಬಂದ ಮಕ್ಕಳು ನೀರು ಪಾಲಾದ ಸುದ್ದಿ ಇಲ್ಲದ ವಾರವಿಲ್ಲ. ಊರಿನ ಮಕ್ಕಳಿಗೆ ಹೊಳೆಯ ಗುಂಡಿ ಗೊತ್ತು, ಬಂದವರಿಗೆ ಗೊತ್ತಿರುವುದಿಲ್ಲ. ಸಾವು ಹೊಂಚುವುದು ಅಲ್ಲಿ. ಅದಕ್ಕೇ ಆ ಮನೆಯ ಚಿಕ್ಕಪ್ಪ ವಾರಕ್ಕೆ ಮೂರು ದಿನ ಬೆಳಗ್ಗೆ ತಾವೇ ಕೆರೆಗೆ ಇಳಿದು ಈಜು ಕಲಿಸುತ್ತಾರೆ. ಸಿಪ್ಪೆ ಸಹಿತ ಒಣಗಿದ ಎರಡು ತೆಂಗಿನಕಾಯಿಯನ್ನು ಹಗ್ಗದಲ್ಲಿ ಜೋಡಿಸಿ ಎದೆಯಡಿಗೆ ಕೊಟ್ಟರೆ ಮಗು ತೇಲುತ್ತದೆ. ಒಮ್ಮೆಗೆ ಮೂವರು ಮಾತ್ರ. ದಡದಲ್ಲಿ ಕಾಯಲು ಮತ್ತೊಬ್ಬ ಹಿರಿಯರು. ಎಷ್ಟೇ ಕೆಲಸವಿದ್ದರೂ ಈ ಲೆಕ್ಕ ತಪ್ಪುವುದಿಲ್ಲ, ತಪ್ಪಲೂಬಾರದು.

ರಾತ್ರಿ ಒಮ್ಮೊಮ್ಮೆ ಯಕ್ಷಗಾನ. ದೀಪಾವಳಿಯ ಆಸುಪಾಸಿನಲ್ಲಿ ಹೊರಟ ಮೇಳಗಳು ಮೇ ಕೊನೆಯ ವಾರದ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಹಾಗಾಗಿ ಮಕ್ಕಳ ರಜೆಗೆ ಬಯಲಾಟ ಸಿಕ್ಕಿಯೇ ಸಿಗುತ್ತದೆ. ನೋಡಿ ಬಂದ ಮರುದಿನದಿಂದ ಅಂಗಳದಲ್ಲೇ ಮೇಳ. ಅಡಿಕೆ ಹಾಳೆ ಕತ್ತರಿಸಿ ಕಿರೀಟ, ಅಜ್ಜಿಯ ಸೀರೆಯೇ ಪರದೆ, ಎಣ್ಣೆಯ ಡಬ್ಬಿಯೇ ಚೆಂಡೆ. ಮಹಿಷಾಸುರನಿಗೆ ಐವರು ಅಭ್ಯರ್ಥಿಗಳು, ದೇವೇಂದ್ರನಾಗಲು ಯಾರೂ ಒಪ್ಪುವುದಿಲ್ಲ.

ಮಕ್ಕಳು ಆಡುತ್ತ, ಮಾಡುತ್ತ ಕಲಿಯಬೇಕೆಂಬ ಮಾತಿಗೆ ಈ ಊರಿನಲ್ಲೇ ದೊಡ್ಡ ಸಾಕ್ಷಿಯಿದೆ. ಪುತ್ತೂರಿನ ಪರ್ಲಡ್ಕದಲ್ಲಿ ಶಿವರಾಮ ಕಾರಂತರು ಬಾಲವನ ಕಟ್ಟಿ, ಶಾಲೆಯ ಗೋಡೆಯಾಚೆ ಮಕ್ಕಳಿಗೆ ನಾಟಕ, ಕುಣಿತ, ಪ್ರಕೃತಿಯ ಒಡನಾಟ ಬೇಕೆಂದು ಪ್ರಯೋಗ ಮಾಡಿದರು. 1930ರ ದಶಕದಲ್ಲೇ ಮೂರು ಸಂಪುಟಗಳ ಬಾಲಪ್ರಪಂಚ ಬರೆದದ್ದೂ ಇದೇ ಕಾಳಜಿಯಿಂದ. ಮೈಸೂರಿನಲ್ಲಿ 1989ರಲ್ಲಿ ಬಿ.ವಿ. ಕಾರಂತರ ಮುಂದಾಳುತನದಲ್ಲಿ ಶುರುವಾದ ರಂಗಾಯಣ ಪ್ರತಿ ಬೇಸಿಗೆ ಚಿಣ್ಣರ ಮೇಳ ನಡೆಸುತ್ತದೆ. ನೂರಾರು ಮಕ್ಕಳು ಒಂದು ತಿಂಗಳು ಅಲ್ಲಿ ಹಾಡಿ, ಕುಣಿದು, ಮಣ್ಣು ಕಲಸಿ, ಕೊನೆಗೆ ನಾಟಕ ಆಡುತ್ತಾರೆ. ಒಳ್ಳೆಯ ಶಿಬಿರ ಮಾಡುವುದು ಇದನ್ನೇ. ಬೇರೆ ಬೇರೆ ಮನೆಯ ಮಕ್ಕಳಿಗೆ ಒಂದು ದೊಡ್ಡ ಮನೆ ಕಟ್ಟಿಕೊಡುತ್ತದೆ. ಹತ್ತು ದಿನದಲ್ಲಿ ಹತ್ತು ವಿದ್ಯೆ ಕಲಿಸುತ್ತೇವೆಂದು ದುಬಾರಿ ಶುಲ್ಕ ಕೇಳುವ ಶಿಬಿರಗಳು ಶಾಲೆಯನ್ನೇ ಬೇರೆ ಬಣ್ಣದ ಅಂಗಿಯಲ್ಲಿ ನಡೆಸುತ್ತವೆ. ಅವಕ್ಕಿಂತ ಪಕ್ಕದ ಮನೆಯ ನಾಲ್ಕು ಮಕ್ಕಳನ್ನು ಕರೆದು ಸಂಡಿಗೆ ಹಾಕಿಸುವುದು ಮೇಲು.

ಹೋಗಲು ಅಜ್ಜಿಮನೆಯೇ ಇಲ್ಲದ, ಶಾಲೆ ಮುಚ್ಚಿದರೆ ಮಧ್ಯಾಹ್ನದ ಊಟವೂ ಮುಚ್ಚುವ ಮಕ್ಕಳು ರಾಜ್ಯದಲ್ಲಿ ಬಹಳ ಇದ್ದಾರೆ. 2024ರ ಬರದಲ್ಲಿ ಸರ್ಕಾರ 223 ತಾಲೂಕುಗಳಲ್ಲಿ ಬೇಸಿಗೆ ರಜೆಯ 41 ದಿನವೂ ಬಿಸಿಯೂಟ ಕೊಡಲು ಹೊರಟದ್ದು ಅದಕ್ಕೆ. ಭಾನುವಾರ ಬಿಟ್ಟರೆ 48ರಲ್ಲಿ ಉಳಿಯುವುದು 41. ಅನೇಕ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಮಕ್ಕಳ ಬೇಸಿಗೆ ಶಿಬಿರ ಮಾಡುತ್ತಿವೆ. ಇವು ಬರದ ವರ್ಷಕ್ಕೆ ಮಾತ್ರ, ಕೆಲವು ಊರಿಗೆ ಮಾತ್ರ ಎಂದಾಗಬಾರದು. ಹಸಿದ ಮಗುವಿಗೆ ಬೇಸಿಗೆ ರಜೆ ಎಂದರೆ ಒಂದೂವರೆ ತಿಂಗಳ ಕಾಯುವಿಕೆ.

ದೊಡ್ಡ ಮನೆಗಳಲ್ಲೂ ಮಕ್ಕಳ ಸಂಖ್ಯೆ ಇಳಿಯುತ್ತಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಆ ಮನೆಯ ಅಜ್ಜಿಗೆ ಏಳು ಜನ, ಅವರ ಮಕ್ಕಳಿಗೆ ಒಬ್ಬರೋ ಇಬ್ಬರೋ ಮೂವರೋ. ಮುಂದಿನ ತಲೆಮಾರಿಗೆ 14 ಜನರ ಸಾಲು ಒಂದೇ ಸೂರಿನಡಿ ಸಿಗಲಾರದು. ಈಗ ಇರುವವರನ್ನು ಹದಿನೈದು ದಿನವಾದರೂ ಒಟ್ಟಿಗೆ ಬಿಡಬೇಕು. ತಂದೆತಾಯಿ ಜೊತೆಗೆ ಇಲ್ಲದಿದ್ದರೆ ಇನ್ನೂ ಒಳ್ಳೆಯದು.

ಎಂಟು ವರ್ಷದ ಬೆಂಗಳೂರಿನ ಹುಡುಗ ಬಂದ ಮೂರನೇ ದಿನವೇ ಅಡುಗೆಮನೆಯ ಬಾಗಿಲಲ್ಲಿ ನಿಂತು, ಬೋರಾಗ್ತಿದೆ ಎಂದಿದ್ದ. ಅಜ್ಜಿ ಮಜ್ಜಿಗೆ ಕಡೆಯುವುದನ್ನು ನಿಲ್ಲಿಸದೆ ಹೇಳಿದರು, "ಸುರಂಗದಲ್ಲಿ ನೀರು ಎಷ್ಟು ಬರ್ತದೆ ನೋಡಿ ಬಾ." ಮನೆಯ ಕುಡಿಯುವ ನೀರು ಗುಡ್ಡದ ಮುರಕಲ್ಲಿನೊಳಗೆ ಅಡ್ಡಕ್ಕೆ ಕೊರೆದ ಸುರಂಗದಿಂದ ಬರುತ್ತದೆ. ಎಷ್ಟು ಎಂದು ಹೇಳುವುದು ಹೇಗೆ? ಹುಡುಗ ಹೋಗಿ ಬಂದ, ಮತ್ತೆ ಹೋದ. ಕೊನೆಗೆ ಹತ್ತು ಲೀಟರಿನ ಬಕೆಟ್ ಇಟ್ಟು, ಅಣ್ಣನ ಕೈಗಡಿಯಾರ ಹಿಡಿದು, ತುಂಬಲು ಎಷ್ಟು ಹೊತ್ತು ಬೇಕೆಂದು ನೋಡಿದ. ಎರಡು ನಿಮಿಷ ಐವತ್ತು ಸೆಕೆಂಡು. ಜೋಡಿ ಪಟ್ಟಿಯ ಪಕ್ಕದಲ್ಲಿದ್ದ ಈ ವರ್ಷದ ಕ್ಯಾಲೆಂಡರಿನಲ್ಲಿ ಆ ದಿನದ ಮನೆಯೊಳಗೆ ಬರೆದ. ಮರುದಿನವೂ ಬರೆದ.

ಏಪ್ರಿಲ್ ಕೊನೆಗೆ ಮೂರೂವರೆ ನಿಮಿಷ, ಮೇ 10ಕ್ಕೆ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು. ಊಟದ ಹೊತ್ತಿಗೆ ಅವನು ಸಂಖ್ಯೆ ಹೇಳುವ ತನಕ ಯಾರೂ ಕೈತೊಳೆಯಲು ನೀರು ಹೆಚ್ಚು ಬಿಡುತ್ತಿರಲಿಲ್ಲ. ತರಕಾರಿ ಸಾಲಿಗೆ ನೀರು ದಿನ ಬಿಟ್ಟು ದಿನ ಎಂದು ಚಿಕ್ಕಪ್ಪ ತೀರ್ಮಾನಿಸಿದ್ದು ಅವನ ಲೆಕ್ಕ ನೋಡಿಯೇ. ಮೇ 18ರ ರಾತ್ರಿ ಗುಡುಗು ಬಂದು ಒಂದು ಮಳೆ ಹೊಯ್ದಿತು. ಎಲ್ಲರೂ ಎದ್ದು ಚಾಪೆ ಒಳಗೆ ಎಳೆದರು. ಬೆಳಗ್ಗೆ ಸುರಂಗಕ್ಕೆ ಓಡಿದ ಹುಡುಗ ಪೆಚ್ಚಾಗಿ ಬಂದ. ನೀರು ಹೆಚ್ಚಿರಲಿಲ್ಲ. ಒಂದು ಮಳೆಯ ನೀರು ಗುಡ್ಡದ ಹೊಟ್ಟೆಗೆ ಇಳಿದು ಸುರಂಗಕ್ಕೆ ಬರಲು ಎಷ್ಟು ದಿನ ಬೇಕು ಎಂದು ಅವನು ಕೇಳಿದ. ನೋಡಿದವರಿಗೆ ಗೊತ್ತಾಗುತ್ತದೆ ಎಂದರು ಅಜ್ಜಿ.

ನೋಡಲು ಅವನಿಗೆ ದಿನ ಉಳಿದಿರಲಿಲ್ಲ. ಮೇ 26ರ ರಾತ್ರಿ ಬಸ್ಸಿಗೆ ಬೆಂಗಳೂರಿನ ಐವರೂ ಹೊರಟರು, ಒಬ್ಬೊಬ್ಬರ ಚೀಲದಲ್ಲೂ ನೂರರ ಒಂದೊಂದು ಕಟ್ಟು ಹಪ್ಪಳ. ನೂಲು ಕಟ್ಟಿದ ಲೋಟಗಳು ಡಬ್ಬದೊಳಗೆ ಹೋದವು. 28ರ ಸಂಜೆ ಏಳಕ್ಕೆ ಬೆಂಗಳೂರಿನಿಂದ ವಿಡಿಯೋ ಕರೆ ಬಂತು. ಹೊಸ ಯೂನಿಫಾರಂ ತೋರಿಸು ಎಂದರೆ ಹುಡುಗ ತೋರಿಸಲಿಲ್ಲ, ನೀರು ಎಷ್ಟು ಎಂದು ಕೇಳಿದ. ಅಜ್ಜಿ ಫೋನನ್ನು ಗೋಡೆಯ ಕ್ಯಾಲೆಂಡರಿನ ಎದುರು ಹಿಡಿದರು. 27ರ ಮನೆಯಲ್ಲೂ 28ರ ಮನೆಯಲ್ಲೂ ಅವರ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ಐದು ನಿಮಿಷ ಹತ್ತು ಸೆಕೆಂಡು, ಐದು ನಿಮಿಷ.